ಆಲೆ ಎಣ್ಣೆ, ಹಾಜರಿ ಪುಸ್ತಕ ಮತ್ತೆ ನನ್ನ ಮೊಣಕೈ

"ಸಾರ್, ನಿಮ್ ಶರ್ಟ್ ಮೇಲೆ ಚಾಕ್‌ಪೀಸ್ ಪುಡಿ ಬಿದ್ದೈತೆ" ಅಂತ ಮುಂದಿನ ಬೆಂಚಿನ ಹುಡ್ಗಿ ಹೇಳಿದ್ಲು. ಹೂಂ ಕಣವ್ವ ಅಂತ ಕೊಡವ್ಕೊಂಡೆ. ಅವತ್ತು ನಾನು ಬೋರ್ಡ್ ಮುಟ್ಟೇ ಇರ್ಲಿಲ್ಲ, ಕುರ್ಚೀಲಿ ಕೂತ್ಕೊಂಡು ಮಕ್ಕಳ ಕೈಲಿ ಪಾಠ ಓದಿಸ್ತಿದ್ದೆ. ಅದು ಚಾಕ್‌ಪೀಸ್ ಪುಡಿ ಅಲ್ಲ, ನನ್ನ ತಲೆಯ ಚರ್ಮ. ಅವತ್ತಿಂದ ಸುಮಾರು ಎರಡು ವರ್ಷ ಕೈಯಲ್ಲಿ ಒಂದು ಚಾಕ್‌ಪೀಸ್ ಹಿಡ್ಕೊಂಡೇ ಓಡಾಡ್ತಿದ್ದೆ, ಸ್ಟಾಫ್ ರೂಮಲ್ಲೂ, ಒಂದ್ಸಲ ಬಸ್‌ಸ್ಟ್ಯಾಂಡಲ್ಲೂ. ಮೇಷ್ಟ್ರು ಅಂದ್ಮೇಲೆ ಬಿಳಿ ಪುಡಿ ಇದ್ದದ್ದೇ ಅಂತ ಜನ ಅಂದ್ಕೊಳ್ಲಿ ಅಂತ.

ನಾನು ಮದ್ದೂರು ಕಡೆಯವ್ನು, ಹೈಸ್ಕೂಲ್ ಮೇಷ್ಟ್ರು, ಈಗ ವಯಸ್ಸು 46. ಸೋರಿಯಾಸಿಸ್ ಶುರುವಾಗಿದ್ದು 2013ರಲ್ಲಿ. ಎಡ ಮೊಣಕೈ ಮೇಲೆ ಒಂದು ರೂಪಾಯಿ ಕಾಯಿನ್ ಅಷ್ಟಗಲ ಕೆಂಪಗೆ ಒರಟಾಯ್ತು, ಮೇಲೆ ಬೆಳ್ಳಿ ಥರ ಹೊಟ್ಟು. ಡೆಸ್ಕ್ ಮೇಲೆ ಕೈ ಊರಿ ಊರಿ ಹಂಗಾಗಿದೆ ಅಂದ್ಕೊಂಡೆ. ತಲೇಲಿ ಹೊಟ್ಟು ಜಾಸ್ತಿ ಆಯ್ತು, ಶಾಂಪೂ ಬದಲಾಯಿಸಿದೆ ಅಷ್ಟೆ. ಕಡೆಗೆ ಹೇಳಿದ್ದು ಕಟಿಂಗ್ ಶಾಪಿನವ್ನು. ಕತ್ತರಿ ಆಡಿಸ್ತಾ ಇದ್ದವ್ನು ಟಕ್ಕಂತ ನಿಲ್ಲಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ಪಕ್ಕದ ಕುರ್ಚಿಯವರಿಗೆ ಕೇಳಿಸದ ಹಾಗೆ "ಮೇಷ್ಟ್ರೇ, ಹಿಂದ್ಗಡೆ ತೊಗಟೆ ಕಟ್ಟದಂಗೆ ಕಟ್ಟೈತೆ, ಒಂದ್ಸಲ ತೋರಿಸ್ಬಿಡಿ" ಅಂದ. ಆ ಪುಣ್ಯಾತ್ಮ ಕಟಿಂಗ್ ಪೂರ್ತಿ ಮುಗಿಸಿದ, ನಾನು ಎದುರಿಗಿರುವಾಗ ಬಾಚಣಿಗೆ ಕೂಡ ತೊಳೀಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕ್ಕೊಂಡು ತಿರುಗಿ ನೋಡಿದೆ, ಆಗ ತೊಳೀತಿದ್ದ.

ನಾನು ತೋರಿಸಿದ್ದು ಮೆಡಿಕಲ್ ಸ್ಟೋರಿಗೆ. ಹುಳುಕಡ್ಡಿ ಸಾರ್ ಅಂತ ಒಂದು ಟ್ಯೂಬ್ ಕೊಟ್ರು, ಹಚ್ಚಿದ ನಾಲ್ಕೇ ದಿನಕ್ಕೆ ಮಾಯ. ಬಿಟ್ಟ ಹತ್ತು ದಿನಕ್ಕೆ ವಾಪಸ್ಸು, ಸ್ವಲ್ಪ ಅಗಲ ಆಗಿ. ಮತ್ತೆ ಟ್ಯೂಬು, ಮತ್ತೆ ಮಾಯ. ಹಿಂಗೇ ಎಂಟು ತಿಂಗಳು ತಳ್ಳಿದೆ. ಆ ಟ್ಯೂಬಲ್ಲಿ ಇದ್ದದ್ದು ಮೂರು ಔಷಧಿ, ಅದ್ರಲ್ಲಿ ಕೆಲಸ ಮಾಡ್ತಿದ್ದಿದ್ದು ಸ್ಟೀರಾಯ್ಡ್ ಅಂತ ಆಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ಮೊಣಕೈ ಸುತ್ತ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಗಿ ಒಳಗಿನ ನರ ಕಾಣ್ತಿತ್ತು.

2014ರಲ್ಲಿ ಮೈಸೂರಲ್ಲಿ ಚರ್ಮದ ಡಾಕ್ಟ್ರಮ್ಮನ ಹತ್ರ ಹೋದೆ. ಅವ್ರು ಒಂದು ಗಾಜಿನ ಸ್ಲೈಡ್ ತಗೊಂಡು ಹೊಟ್ಟನ್ನ ನಿಧಾನಕ್ಕೆ ಕೆರೆದ್ರು. ಮೇಣದ ಬತ್ತಿ ಕೆರೆದಂಗೆ ಪದರ ಪದರವಾಗಿ ಬಂತು, ಕಡೇ ಪದರ ಎದ್ದಾಗ ಅಡಿಯಲ್ಲಿ ಸೂಜಿ ಮೊನೆಯಷ್ಟು ಸಣ್ಣ ಸಣ್ಣ ರಕ್ತದ ಚುಕ್ಕಿ. "ನೋಡಿ ಮೇಷ್ಟ್ರೇ, ಇದೇ ಗುರುತು" ಅಂದ್ರು. ಹೆಬ್ಬೆರಳ ಉಗುರಲ್ಲಿ ಗುಂಡುಪಿನ್ ಚುಚ್ಚಿದಂಗೆ ಗುಳಿ ಇದ್ದದ್ದನ್ನ ಅವ್ರೇ ತೋರಿಸಿದ್ದು, ನಾನು ಅಲ್ಲೀವರೆಗೂ ಗಮನಿಸೇ ಇರ್ಲಿಲ್ಲ. ನಮ್ಮ ಚರ್ಮ ಹಳೇದು ಉದುರಿ ಹೊಸದು ಬರೋಕೆ ಹೆಚ್ಚುಕಮ್ಮಿ ಒಂದು ತಿಂಗಳು ತಗೊಳ್ಳುತ್ತಂತೆ, ಸೋರಿಯಾಸಿಸ್ ಇರೋ ಜಾಗದಲ್ಲಿ ಅದೇ ಕೆಲಸ ಮೂರ್ನಾಲ್ಕು ದಿನದಲ್ಲಿ ಆಗೋಗುತ್ತೆ, ಹಳೇದು ಉದುರೋಕೆ ಟೈಮೇ ಸಿಗದೆ ಮೇಲ್ಮೇಲೆ ಪೇರಿಸ್ಕೊಳ್ಳುತ್ತೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿನೇ ದಾರಿ ತಪ್ಪಿ ಚರ್ಮಕ್ಕೆ ಬೇಗ ಬೇಗ ಅಂತ ಆರ್ಡರ್ ಕೊಡ್ತಿದೆ. ಯಾರಿಗೂ ಅಂಟಲ್ಲ. "ಆದ್ರೆ ವಾಸಿ ಮಾಡ್ತೀನಿ ಅಂತ ನಾನು ಸುಳ್ಳು ಹೇಳಲ್ಲ, ಹದ್ದುಬಸ್ತಲ್ಲಿ ಇಡಬಹುದು" ಅಂದ್ರು.

ನಂಗೆ ಈ ಕಡೇ ಮಾತು ಹಿಡಿಸ್ಲಿಲ್ಲ. 34-35 ವಯಸ್ಸಲ್ಲಿ ಯಾರಿಗೆ ಹಿಡಿಸುತ್ತೆ ಹೇಳಿ. ವಾಸಿ ಮಾಡ್ತೀನಿ ಅನ್ನೋರನ್ನ ಹುಡುಕ್ಕೊಂಡು ಹೊರಟೆ, ಅಂಥೋರಿಗೇನು ಬರವೇ.

ಮೊದಲು ಮನೆಯಿಂದಲೇ ಶುರುವಾಯ್ತು. ನಮ್ಮವ್ವ ನಂಜಿನ ಪದಾರ್ಥ ಎಲ್ಲಾ ಬಂದ್ ಮಾಡಿಬಿಟ್ಳು. ನಮ್ಮ ಕಡೆ ಗಾಯ, ಕಜ್ಜಿ, ಹುಣ್ಣು ಏನಾದ್ರೂ ಸರಿ ಮೊದಲು ಬರೋದು ಈ ನಂಜಿನ ಲಿಸ್ಟು, ಬದನೆಕಾಯಿ, ಕುಂಬಳಕಾಯಿ, ಹುರುಳಿಕಾಳು, ಒಣಮೀನು, ಮೊಟ್ಟೆ, ಅವರೆಕಾಳನ್ನ ಕೆಲವರು ಸೇರಿಸ್ತಾರೆ ಕೆಲವರು ಬಿಡ್ತಾರೆ. ನಮ್ಮ ಅತ್ತೆ ಬಂದು ಹೆಸರುಕಾಳೂ ಬೇಡ ಅಂದ್ರು. ತಿನ್ನೋಕೆ ಉಳಿದಿದ್ದು ಮುದ್ದೆ ಮತ್ತೆ ಸೊಪ್ಪು. ಜೊತೆಗೆ ಬೆಳಗ್ಗೆ ಎದ್ದು ಬೇವಿನ ಚಿಗುರು ಅರೆದು ಉಂಡೆ, ಸ್ನಾನದ ನೀರಿಗೆ ಬೇವು, ಮೈಗೆ ಬೇವು ಅರಿಶಿನ. ಬೇವಿನ ಲೇಪ ಒಣಗಿದಾಗ ಚರ್ಮ ಬಿಗಿದು ಬಿಗಿದು ಸೀಳ್ತಿತ್ತು, ಮೊಣಕಾಲು ಮಡಚಿದ್ರೆ ಗದ್ದೆ ಬಿರಿದಂಗೆ ಬಿರೀತಿತ್ತು. ಕೆಟ್ಟದ್ದು ಹೊರಗೆ ಬರ್ತಿದೆ ಕಣೋ ಅಂತ ಅವ್ವ. ನಾನೂ ನಂಬಿದ್ದೆ.

ಅದಕ್ಕಿಂತ ದಡ್ಡತನ ಮಾಡಿದ್ದು ಎಕ್ಕದ ಹಾಲು ಹಚ್ಚಿದ್ದು. ನಮ್ಮೂರ ಹಿರಿಯರೊಬ್ಬರು ಬಿಳಿ ಎಕ್ಕದ ಹಾಲು ಮೂರು ದಿನ ಹಚ್ಚು, ಬುಡಸಮೇತ ಹೋಗುತ್ತೆ ಅಂದ್ರು. ಬಲ ಮೊಣಕಾಲಿಗೆ ಹಚ್ಚಿದೆ, ರಾತ್ರಿಗೆ ಬೆಂಕಿ ಬಿದ್ದಂಗೆ ಉರಿ, ಬೆಳಗ್ಗೆ ಬೊಬ್ಬೆ. ಬೊಬ್ಬೆ ಒಡೆದು ಗಾಯ ಮಾಯೋ ಹೊತ್ತಿಗೆ, ಮುಂಚೆ ಏನೂ ಇಲ್ಲದ ಜಾಗದಲ್ಲೂ ಎಲ್ಲೆಲ್ಲಿ ಹಾಲು ಸುರಿದಿತ್ತೋ ಅಲ್ಲೆಲ್ಲಾ, ಕೆಳಗೆ ಇಳಿದ ಹನಿಯ ಗೆರೆ ಸಮೇತ, ಸೋರಿಯಾಸಿಸ್ ಎದ್ದಿತ್ತು. ಮ್ಯಾಪಲ್ಲಿ ಕಾವೇರಿ ಬರೆದಂಗೆ ಒಂದು ಗೆರೆ ಮೊಣಕಾಲಿಂದ ಮೀನಖಂಡದವರೆಗೆ. ಇದಕ್ಕೆ ಡಾಕ್ಟರ್ ಭಾಷೇಲಿ ಕೋಬ್ನರ್ ಅಂತ ಹೆಸರು, ಅಂದ್ರೆ ಈ ಕಾಯಿಲೆ ಇರೋರಿಗೆ ಚರ್ಮಕ್ಕೆ ಎಲ್ಲಿ ಪೆಟ್ಟಾದ್ರೂ, ಕೆರೆದ್ರೂ, ಸುಟ್ರೂ, ಬ್ಲೇಡ್ ತಾಗಿದ್ರೂ, ಬೆಲ್ಟ್ ಉಜ್ಜಿದ್ರೂ ಅಲ್ಲೇ ಹೊಸದು ಏಳಬಹುದು. ಅದು ಗೊತ್ತಿದ್ದಿದ್ರೆ ನಿಂಬೆಹಣ್ಣು ಉಜ್ಜು, ಉಪ್ಪಲ್ಲಿ ತಿಕ್ಕು, ಸುಣ್ಣ ಹಚ್ಚು ಅಂದವರಿಗೆಲ್ಲ ಕೈ ಮುಗಿದು ಕಳಿಸ್ತಿದ್ದೆ.

ಆಮೇಲೆ ಬಂದಿದ್ದು ಕಪ್ಪು ಗುಳಿಗೆ. ಊರು ಹೆಸರು ಬೇಡ ಬಿಡಿ. ಭಾನುವಾರ ಬೆಳಗ್ಗೆ ಐದಕ್ಕೇ ಕ್ಯೂ, ಕಾರುಗಳೆಲ್ಲ ನಿಂತಿರ್ತವೆ, ಅಪ್ಪಟ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ, ಪಥ್ಯ ಮಾಡ್ಬೇಕು ಅಷ್ಟೆ. ದಿನಕ್ಕೆ ಎರಡು ಗುಳಿಗೆ, ಕಡ್ಲೆಕಾಳಿನಷ್ಟಿದ್ದವು. ಹದಿನೈದು ದಿನಕ್ಕೆ ನಾನು ಹೊಸ ಮನುಷ್ಯ ರೀ! ಮೊಣಕೈ ನುಣ್ಣಗೆ, ತಲೆ ಕ್ಲೀನು. ಅರ್ಧ ತೋಳಿನ ಶರ್ಟ್ ಹಾಕ್ಕೊಂಡು ಸ್ಕೂಲಿಗೆ ಹೋದೆ, ಹೆಡ್‌ಮಾಸ್ಟರು ಏನ್ರೀ ಮದುಮಗನ ಥರ ಅಂದ್ರು. ಹಸಿವು ಬೇರೆ ಚೆನ್ನಾಗಿ ಆಗ್ತಿತ್ತು, ಮುಖ ತುಂಬ್ಕೊಂಡಿತ್ತು, ಎಲ್ಲರೂ ಕಳೆ ಬಂದಿದೆ ಅಂದ್ರು. ಮೂರು ತಿಂಗಳು ತಗೊಂಡು, ಇನ್ನು ಸಾಕು ಅಂತ ನಾನೇ ನಿಲ್ಲಿಸಿದೆ.

ನಿಲ್ಲಿಸಿದ ಎರಡನೇ ವಾರ. ಮೊದಲು ಎದೆ ಕೆಂಪಾಯ್ತು, ನಾಲ್ಕು ದಿನದಲ್ಲಿ ನೆತ್ತಿಯಿಂದ ಪಾದದವರೆಗೂ ಇಡೀ ಮೈ ಕೆಂಪು, ಬೇಯಿಸಿದ ಸಿಗಡಿ ಥರ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಎರಡು ಕಂಬಳಿ ಹೊದ್ಕೊಂಡು ನಡುಗ್ತಿದ್ದೆ. ಚರ್ಮ ಮೈಯ ಶಾಖ ಹಿಡಿದಿಡೋ ಶಕ್ತಿನೇ ಕಳ್ಕೊಂಡಿತ್ತು, ಹಾಸಿಗೆ ಕೊಡವಿದ್ರೆ ಒಂದು ಹಿಡಿ ಹೊಟ್ಟು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಗುಳಿಗೇಲಿ ಸ್ಟೀರಾಯ್ಡ್ ಇದ್ದಿರಬೇಕು, ಒಮ್ಮೆಗೇ ಬಿಟ್ಟಿದ್ದಕ್ಕೆ ಹಿಂಗೆ ತಿರುಗಿಬಿದ್ದಿದೆ ಅಂತ ಡಾಕ್ಟ್ರಮ್ಮ ಹೇಳಿದ್ರು, ನಾನು ಅದನ್ನ ಲ್ಯಾಬಿಗೆ ಕೊಟ್ಟು ನೋಡ್ಲಿಲ್ಲ, ಡಬ್ಬಿನ ನಮ್ಮವ್ವ ಹಿತ್ತಿಲಿಗೆ ಎಸೆದುಬಿಟ್ಟಿದ್ಳು. ಡಾಕ್ಟ್ರಮ್ಮ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. ಇದು 2016.

ಅದಾದ್ಮೇಲೆ ಒಂದೂವರೆ ವರ್ಷ ಮೆಥೊಟ್ರೆಕ್ಸೇಟ್, ದಾರಿ ತಪ್ಪಿದ ಆ ರೋಗನಿರೋಧಕ ಶಕ್ತಿನ ತಗ್ಗಿಸೋ ಮಾತ್ರೆ. ವಾರಕ್ಕೊಂದೇ ದಿನ, ನಂದು ಭಾನುವಾರ, ದಿನಾ ನುಂಗಿದ್ರೆ ಜೀವಕ್ಕೇ ಅಪಾಯ ಅಂತ ಚೀಟಿ ಮೇಲೆ ಕೆಂಪು ಇಂಕಲ್ಲಿ ಬರೆದಿದ್ರು. ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಲಿವರ್ ಟೆಸ್ಟು, ಕುಡಿಯೋದು ಪೂರ್ತಿ ಬಂದ್. ಅದು ನನ್ನನ್ನ ಎತ್ತಿ ನಿಲ್ಲಿಸ್ತು, ಅದನ್ನ ಹೇಳದೆ ಮುಂದೆ ಬರೋ ಆಲೆ ಮರದ ಎಲೆ ಎಣ್ಣೆ ಕಥೆ ಹೇಳಿದ್ರೆ ಮೋಸ ಆಗುತ್ತೆ. ಎಲ್ಲಾ ಹಿಡಿತಕ್ಕೆ ಬಂದ್ಮೇಲೆ ಅವ್ರೇ ನಿಧಾನಕ್ಕೆ ಡೋಸ್ ಇಳಿಸಿ ನಿಲ್ಲಿಸಿದ್ರು. ನಿಲ್ಲಿಸಿದ್ಮೇಲೆ ಸ್ವಲ್ಪ ಸ್ವಲ್ಪ ವಾಪಸ್ ಬಂತು, ಮೊಣಕೈ, ಮೊಣಕಾಲು, ತಲೆ, ಸೊಂಟ. ಇಷ್ಟಕ್ಕೆ ಮತ್ತೆ ಮಾತ್ರೆ ಬೇಡ, ಹಚ್ಚೋದ್ರಲ್ಲಿ ನೋಡ್ಕೊಳ್ಳೋಣ, ತೂಕ ಇಳಿಸಿ ಅಂದ್ರು. ಆಗ ನಾನು 84 ಕೆಜಿ.

ಆಯುರ್ವೇದನೂ ಮಾಡಿಸ್ದೆ, ಈ ಸಲ ಡಿಗ್ರಿ ಇರೋ ವೈದ್ಯರ ಹತ್ರ, ಚರ್ಮದ ಡಾಕ್ಟ್ರಿಗೆ ಹೇಳಿ. ಅಲ್ಲೊಂದು ತಮಾಷೆ ಆಯ್ತು, ಆವಾಗ ತಮಾಷೆ ಆಗಿರ್ಲಿಲ್ಲ. ಅಡ್ಮಿಟ್ ಆದ ದಿನ ಕೇಸ್ ಶೀಟಲ್ಲಿ ವೈದ್ಯರು ದಪ್ಪಕ್ಷರದಲ್ಲಿ "ಏಕಕುಷ್ಠ" ಅಂತ ಬರೆದಿದ್ರು. ನನ್ನ ಹೆಂಡ್ತಿ ಅದನ್ನ ಓದಿ ಬೆಂಚ್ ಮೇಲೆ ಕೂತವಳು ಏಳ್ಲೇ ಇಲ್ಲ. ಮಾತಿಲ್ಲ, ಕಣ್ಣಲ್ಲಿ ನೀರು. ಏನಾಯ್ತೇ ಅಂದ್ರೆ "ಅದು ಕುಷ್ಠ ಅಂತೆ, ನೀವು ನಮ್ಗ್ಯಾಕೆ ಹೇಳ್ಲಿಲ್ಲ" ಅಂದ್ಲು. ವೈದ್ಯರು ಓಡಿ ಬಂದು, ತಾಯಿ, ಚರಕ ಸಂಹಿತೆಯಲ್ಲಿ ಎಲ್ಲಾ ದೊಡ್ಡ ಚರ್ಮರೋಗಕ್ಕೂ ಕುಷ್ಠ ಅಂತಲೇ ಹೆಸರು, ಅದ್ರಲ್ಲಿ ಏಕಕುಷ್ಠ ಅಂದ್ರೆ ಮೀನಿನ ಹುರುಪೆ ಥರ ಆಗೋದು, ನೀವು ಅಂದ್ಕೊಂಡಿರೋ ಕಾಯಿಲೆ ಅಲ್ಲ ಅಂತ ಅರ್ಧ ಗಂಟೆ ಸಮಾಧಾನ ಮಾಡಿದ್ರು. ಅವಳು ಒಪ್ಪಿದ್ಲು, ಆದ್ರೆ ಆ ಶೀಟನ್ನ ಮನೇಲಿ ಬೀರು ಒಳಗೆ ಸೀರೆ ಅಡೀಲಿ ಇಟ್ಟಿದ್ದಾಳೆ, ಯಾರಾದ್ರೂ ನೋಡಿಯಾರು ಅಂತ. ಈಗ್ಲೂ ಅಲ್ಲೇ ಇದೆ.

ಚಿಕಿತ್ಸೆ ಅಂದ್ರೆ ವಮನ, ಔಷಧಿ ಕೊಟ್ಟು ವಾಂತಿ ಮಾಡಿಸೋದು. ಮೊದಲು ಔಷಧಿ ತುಪ್ಪ ಕುಡಿಸ್ತಾರೆ, ಮೊದಲ್ನೇ ದಿನ 30 ಎಂಎಲ್, ದಿನಾ ಏರಿಸ್ತಾ ಐದನೇ ದಿನಕ್ಕೆ 150. ತುಪ್ಪ ಅಂದ ತಕ್ಷಣ ಬಾಯಲ್ಲಿ ನೀರು ಬರಿಸ್ಕೋಬೇಡಿ, ಬೇವು ಅಮೃತಬಳ್ಳಿಯಂಥ ಕಹಿಗಳನ್ನೆಲ್ಲ ಹಾಕಿ ಕಾಯಿಸಿದ ತುಪ್ಪ, ಹಸಿರು ಕಪ್ಪು ಬಣ್ಣ. ಮೂಗು ಮುಚ್ಕೊಂಡು ಕುಡಿದು ಮೇಲೆ ಬಿಸಿನೀರು, ಚೆನ್ನಾಗಿ ಹಸಿವಾಗೋ ತನಕ ಊಟ ಇಲ್ಲ. ನಾಲ್ಕನೇ ದಿನ ತೇಗು ಬಂದ್ರೂ ತುಪ್ಪ, ಬೆವರಿಗೂ ತುಪ್ಪದ ವಾಸ್ನೆ. ಆಮೇಲೆ ಒಂದಿನ ಮೈಗೆ ಎಣ್ಣೆ ಹಚ್ಚಿ ಹಬೆ ಕೊಟ್ಟು, ಬೇಕಂತಲೇ ಉದ್ದಿನ ವಡೆ ಮೊಸರನ್ನ ಪಾಯಸ ತಿನ್ನಿಸ್ತಾರೆ, ಕಫ ಏರಲಿ ಅಂತ. ಮಾರನೇ ದಿನ ಬೆಳಗ್ಗೆ ಹೊಟ್ಟೆ ಬಿರಿಯೋವರೆಗೂ ಹಾಲು, ಮೇಲೆ ಔಷಧಿ, ಜ್ಯೇಷ್ಠಮಧು ಕಷಾಯ, ಎದುರಿಗೆ ಬಕೆಟ್ಟು, ಪಕ್ಕದಲ್ಲಿ ಪೆನ್ನು ಹಿಡ್ಕೊಂಡು ಎಷ್ಟು ಸಲ ವಾಂತಿ ಅಂತ ಎಣಿಸೋ ಹುಡುಗ. ಕಡೆಗೆ ಪಿತ್ತ ಬಂದ್ಮೇಲೆ ನಿಲ್ಲಿಸಿದ್ರು. ಆಮೇಲಿನ ವಾರ ಗಂಜಿ ತಿಳಿ, ಗಂಜಿ, ಹೆಸರುಬೇಳೆ ಕಟ್ಟು, ಹಿಂಗೆ ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ವಾಪಸ್. ಆ ಮೂರನೇ ದಿನದ ಉಪ್ಪು ಹಾಕಿದ ಗಂಜಿಯಷ್ಟು ರುಚಿಯಾದದ್ದು ನಾನು ಜನ್ಮದಲ್ಲಿ ತಿಂದಿಲ್ಲ.

ಗುಣ ಕಾಣಿಸ್ತಾ ಅಂದ್ರೆ ಕಾಣಿಸ್ತು, ನಾಲ್ಕು ತಿಂಗಳು ಚೆನ್ನಾಗಿತ್ತು. ಐದನೇ ತಿಂಗಳು ಧನುರ್ಮಾಸದ ಚಳಿ ಜೊತೆ ವಾಪಸ್ ಬಂತು. ಆದ್ರೆ ಆ ವೈದ್ಯರು ಹೊರಡುವಾಗ ಒಂದು ಮಾತು ಹೇಳಿದ್ರು, ಯಾವ ಪಥ್ಯ ನಿಮಗೆ ಅಂತ ನಾನು ಪಟ್ಟಿ ಕೊಡಬಹುದು, ಆದ್ರೆ ನಿಮ್ಮ ಮೈ ಏನು ಹೇಳುತ್ತೆ ಅಂತ ನೀವು ಬರೆದಿಡಿ ಅಂತ.

ಬರೆಯೋದು ನಮ್ಮ ಕಸುಬೇ ಅಲ್ವಾ. ಸ್ಕೂಲಲ್ಲಿ ಉಳಿದಿದ್ದ ಒಂದು ಖಾಲಿ ಹಾಜರಿ ಪುಸ್ತಕ ತಂದೆ. ಮೈಮೇಲಿನ ಒಂದೊಂದು ಕಲೆಗೂ ಒಂದೊಂದು ರೋಲ್ ನಂಬರ್ ಕೊಟ್ಟೆ. ಒಂದನೇ ನಂಬರು ಎಡ ಮೊಣಕೈ, ಎರಡು ಬಲ ಮೊಣಕೈ, ಮೂರು ನಾಲ್ಕು ಮೊಣಕಾಲು, ಐದು ನೆತ್ತಿ ಹಿಂಭಾಗ, ಹಿಂಗೆ ಹದಿನೇಳು ಜನ ಮಕ್ಕಳು. ದಿನಾ ರಾತ್ರಿ ಹಾಜರಿ. ಕೆಂಪಗೆ ಹೊಟ್ಟು ಇದ್ರೆ ಪ್ರೆಸೆಂಟು, ಬರೀ ಕಲೆ ಉಳಿದಿದ್ರೆ ಆಬ್ಸೆಂಟು, ಹೊಸದು ಬಂದ್ರೆ ಹೊಸ ಅಡ್ಮಿಷನ್. ಷರಾ ಕಾಲಂನಲ್ಲಿ ಅವತ್ತು ತಿಂದಿದ್ದು, ನಿದ್ದೆ ಎಷ್ಟು ಗಂಟೆ, ನೆಗಡಿ ಜ್ವರ, ಜಗಳ. ನನ್ನ ಮಗಳು ಅದನ್ನ ನೋಡಿ ಬಿದ್ದು ಬಿದ್ದು ನಕ್ಕಳು, ಆಮೇಲೆ ಅವಳೇ ಬೆನ್ನಿನ ಮೇಲಿನ ಒಂಬತ್ತು ಮತ್ತು ಹತ್ತನೇ ನಂಬರಿನ ಹಾಜರಿ ಹಾಕೋ ಮಾನಿಟರ್ ಆದ್ಲು, ನಂಗೆ ಕಾಣಲ್ವಲ್ಲ.

ಮೊದಲು ಪರೀಕ್ಷೆಗೆ ಕೂರಿಸಿದ್ದು ಬದನೆಕಾಯಿನ. ಎರಡು ತಿಂಗಳು ಪೂರ್ತಿ ಬಿಟ್ಟಿದ್ದೆ, ಹಾಜರಿಯಲ್ಲಿ ಏನೂ ವ್ಯತ್ಯಾಸ ಇಲ್ಲ. ಆಮೇಲೆ ಒಂದು ವಾರ ಮೂರು ಸಲ ಎಣ್ಣೆಗಾಯಿ ತಿಂದೆ, ನಮ್ಮವ್ವ ದೇವ್ರಿಗೆ ಹರಕೆ ಹೊತ್ಕೊಂಡು ಬಡಿಸಿದ್ಳು. ಏನೂ ಆಗ್ಲಿಲ್ಲ. ನಾಲ್ಕು ವರ್ಷದಿಂದ ಜೈಲಲ್ಲಿದ್ದ ಬದನೆಕಾಯಿ ನಿರ್ದೋಷಿ ಅಂತ ಬಿಡುಗಡೆ ಆಯ್ತು. ಹುರುಳಿಕಾಳು ಬಸ್ಸಾರು, ಮೊಟ್ಟೆ, ಕುಂಬಳಕಾಯಿ ಎಲ್ಲಾ ಒಂದೊಂದಾಗಿ ಬಿಡುಗಡೆ. ಗೋಧಿ ಬಿಡಿ ಅಂತ ಫೋನಲ್ಲಿ ಬರೋ ವಿಡಿಯೋಗಳೆಲ್ಲ ಹೇಳ್ತಿದ್ವು, ಮೂರು ತಿಂಗಳು ಬಿಟ್ಟೆ, ನಂಗೆ ಏನೂ ಆಗ್ಲಿಲ್ಲ. ಗೋಧಿ ಒಗ್ಗದ ಸೀಲಿಯಾಕ್ ಅಂತ ಒಂದು ತೊಂದರೆ ಇರುತ್ತೆ, ಅಂಥೋರಿಗೆ ಮಾತ್ರ ಬಿಟ್ರೆ ಉಪಯೋಗ, ಅದನ್ನ ರಕ್ತದ ಟೆಸ್ಟಲ್ಲಿ ನೋಡಬಹುದು ಅಂತ ಡಾಕ್ಟ್ರಮ್ಮ ಅಂದ್ರು, ಟೆಸ್ಟಲ್ಲಿ ನಂಗೆ ಅದು ಇರ್ಲಿಲ್ಲ. ಚಪಾತಿನೂ ವಾಪಸ್.

ಹಂಗಾದ್ರೆ ಊಟಕ್ಕೂ ಇದಕ್ಕೂ ಸಂಬಂಧನೇ ಇಲ್ವಾ ಅಂದ್ರೆ ಇದೆ, ಆದ್ರೆ ನಾವು ಹುಡುಕ್ತಿದ್ದ ಜಾಗದಲ್ಲಿ ಇರ್ಲಿಲ್ಲ. ಷರಾ ಕಾಲಂ ಓದಿದ್ರೆ ಎದ್ದು ಕಾಣ್ತಿದ್ದದ್ದು ಟೀ. ದಿನಕ್ಕೆ ಆರು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ, ಜೊತೆಗೆ ಒಂದು ಬನ್ನೋ, ದಿಲ್‌ಪಸಂದೋ, ನಮ್ಮೂರಾದ್ರಿಂದ ಮದ್ದೂರು ವಡೆಯೋ. ಮಂಡ್ಯ ಜಿಲ್ಲೆಯವನಿಗೆ ಸಕ್ಕರೆ ಬಿಡು ಅನ್ನೋದು ಮೀನಿಗೆ ನೀರು ಬಿಡು ಅಂದಂಗೆ, ಆದ್ರೂ ಬಿಟ್ಟೆ, ಬೆಲ್ಲನೂ ಬಿಟ್ಟೆ, ಬೆಲ್ಲ ಒಳ್ಳೇದು ಅಂತ ಎರಡು ಅಚ್ಚು ತಿನ್ನೋರ ಮಾತು ಕೇಳ್ಬೇಡಿ. ರಾತ್ರಿ ಅನ್ನದ ಗುಡ್ಡ ಹೋಗಿ ಒಂದು ಮುದ್ದೆ, ಮಸೊಪ್ಪು ಇಲ್ಲ ಉಪ್ಸಾರು, ಒಂದು ತಟ್ಟೆ ಕೋಸಂಬರಿ, ಮಜ್ಜಿಗೆ. ಊಟ ಏಳೂವರೆಗೆ. ಬೆಳಗ್ಗೆ ಕೆರೆ ಏರಿ ಮೇಲೆ ನಾಲ್ಕು ಕಿಲೋಮೀಟರ್ ನಡಿಗೆ. ಅಗಸೆ ಬೀಜದ ಚಟ್ನಿಪುಡಿನೂ ತಿಂತೀನಿ, ಅದ್ರಿಂದ ಏನಾದ್ರೂ ಆಯ್ತಾ ಅಂದ್ರೆ ರುಚಿ ಚೆನ್ನಾಗಿದೆ ಅಷ್ಟೆ ಹೇಳಬಲ್ಲೆ. ಹನ್ನೊಂದು ತಿಂಗಳಲ್ಲಿ 84 ಇದ್ದದ್ದು 73ಕ್ಕೆ ಬಂತು, ಅದೇ ಹನ್ನೊಂದು ತಿಂಗಳಲ್ಲಿ ಕ್ಲಾಸಿನ ಹಾಜರಿ ಹದಿನೇಳರಿಂದ ಆರಕ್ಕೆ ಇಳೀತು. ಯಾವುದೋ ಒಂದು ಮ್ಯಾಜಿಕ್ ತರಕಾರಿ ಅಲ್ಲ ಮಾರಾಯ್ರೆ, ಹೊಟ್ಟೆ ಸುತ್ತಳತೆ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದಷ್ಟೂ ಒಳಗಿನ ಉರಿಯೂತ ಜಾಸ್ತಿ ಅಂತ ಡಾಕ್ಟ್ರಮ್ಮ 2014ರಲ್ಲೇ ಹೇಳಿದ್ರು, ನನ್ನ ಕಿವಿಗೆ ಬಿದ್ದಿದ್ದು 2019ರಲ್ಲಿ.

ಪುಸ್ತಕ ಇನ್ನೂ ಎರಡು ಕಳ್ಳರನ್ನ ಹಿಡಿದುಕೊಡ್ತು. ಒಂದು ಗಂಟಲು ನೋವು. ಗಂಟಲು ಕೆರೆದು ಜ್ವರ ಬಂದು ಎರಡು ಮೂರು ವಾರಕ್ಕೆ ಹೊಟ್ಟೆ ಬೆನ್ನ ಮೇಲೆ ಮಳೆಹನಿ ಬಿದ್ದಂಗೆ ಸಣ್ಣ ಸಣ್ಣ ಚುಕ್ಕಿ, ಎರಡು ಸಲವೂ ಹಂಗೇ. ಈಗ ಗಂಟಲು ನೋವು ಬಂದ್ರೆ ಕಷಾಯ ಕುಡ್ಕೊಂಡು ಕೂರಲ್ಲ, ತೋರಿಸ್ತೀನಿ. ಇನ್ನೊಂದು 2021ರಲ್ಲಿ ಶುರು ಮಾಡಿದ ಬಿಪಿ ಮಾತ್ರೆ. ಊಟ ಸರಿ, ತೂಕ ಸರಿ, ಎಣ್ಣೆ ಸರಿ, ಆದ್ರೂ ಎರಡೇ ತಿಂಗಳಲ್ಲಿ ಐದು ಹೊಸ ಅಡ್ಮಿಷನ್. ಪುಸ್ತಕ ತಗೊಂಡು ಹೋಗಿ ಡಾಕ್ಟ್ರಮ್ಮನ ಮುಂದೆ ಇಟ್ಟೆ, ಅವ್ರು ಷರಾ ಕಾಲಂ ಮೇಲೆ ಬೆರಳಿಟ್ಟು ಇಲ್ನೋಡಿ ಅಂದ್ರು. ಅದು ಬೀಟಾ ಬ್ಲಾಕರ್ ಜಾತಿಯ ಮಾತ್ರೆ, ಕೆಲವರಿಗೆ ಸೋರಿಯಾಸಿಸ್ ಕೆರಳಿಸುತ್ತೆ. ಬಿಪಿ ಡಾಕ್ಟ್ರಿಗೆ ಚೀಟಿ ಬರೆದ್ರು, ಅವ್ರು ಬೇರೆ ಮಾತ್ರೆಗೆ ಬದಲಾಯಿಸಿದ್ರು. ನಾನೇ ನಿಲ್ಲಿಸೋ ಶೂರತನ ಈ ಸಲ ಮಾಡ್ಲಿಲ್ಲ, ಕಪ್ಪು ಗುಳಿಗೆ ನೆನಪಿತ್ತು.

ಈಗ ಎಣ್ಣೆ ವಿಷಯ. ನನ್ನ ಭಾವ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸದವ್ರು. ಒಂದ್ಸಲ ಅವ್ರ ಮನೆಗೆ ಹೋದಾಗ ನನ್ನ ಮೊಣಕೈ ನೋಡಿ, "ನಾವು ದಿನಾ ಕಡೆಯೋ ಮರದ ಎಲೇನೇ ಇದಕ್ಕೆ ಔಷಧಿ, ನೀನು ಊರೂರು ಸುತ್ತಿದೀಯಲ್ಲೋ" ಅಂದ್ರು. ಆಲೆ ಮರ. ಚನ್ನಪಟ್ಟಣದ ಬೊಂಬೆ ಮಾಡೋದು ಅದ್ರಲ್ಲೇ, ಮರ ಬೆಳ್ಳಗೆ ಹಗುರ, ಆನೆದಂತದ ಥರ ನುಣುಪು ಬರುತ್ತೆ. ತಮಿಳುನಾಡಿನ ಸಿದ್ಧ ವೈದ್ಯದಲ್ಲಿ ಇದ್ರ ಎಲೆ ಎಣ್ಣೆನ ಸೋರಿಯಾಸಿಸ್‌ಗೆ ಹಚ್ತಾರೆ, 777 ಎಣ್ಣೆ ಅಂತ ಹೆಸರು, ಕೇರಳದವ್ರು ದಂತಪಾಲ ಅಂತಾರೆ. ಒಂದು ಎಚ್ಚರಿಕೆ, ಕೆಲವರು ಆಲೆನ ಹಾಲೆ ಅಂತಲೂ ಕರೀತಾರೆ, ಆದ್ರೆ ಕರಾವಳಿಯವ್ರು ಆಟಿ ಅಮಾವಾಸ್ಯೆಗೆ ತೊಗಟೆ ಕಷಾಯ ಕುಡಿಯೋ ಹಾಲೆ ಮರ ಬೇರೆ. ಅದ್ರಲ್ಲಿ ಎಲೆ ಕೊಡೆ ಥರ ಸುತ್ತ ಗುಂಪಾಗಿ ಬರುತ್ತೆ, ನಮ್ಮ ಆಲೆಯಲ್ಲಿ ಎಲೆ ಎದುರು ಬದುರು ಜೋಡಿ, ಉದ್ದನೆ ಕಾಯೂ ಜೋಡಿ ಜೋಡಿಯಾಗಿ ತುದಿ ಅಂಟ್ಕೊಂಡು ನೇತಾಡ್ತವೆ. ಎರಡೂ ಮುರಿದ್ರೆ ಹಾಲು ಬರುತ್ತೆ, ಹಾಲು ನೋಡಿ ನಂಬ್ಕೋಬೇಡಿ.

ಮಾಡೋದು ಸುಲಭ. ಎಲೆನ ಒರೆಸಿ ನೆರಳಲ್ಲಿ ನೀರಾರಿಸ್ಕೊಂಡು, ಕೈಯಲ್ಲೇ ಹರಿದು, ಅಗಲ ಬಾಯಿನ ಗಾಜಿನ ಭರಣಿಗೆ ಹಾಕಿ ಮುಳುಗೋವಷ್ಟು ಗಾಣದ ಕೊಬ್ಬರಿ ಎಣ್ಣೆ ಹುಯ್ದು, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಲ್ಲಿ ಇಡೋದು. ಚಾಕು ಕತ್ತರಿ ತಾಗಿಸಬೇಡ, ಕಬ್ಬಿಣ ಆಗಲ್ಲ ಅಂತಾರೆ ಭಾವ, ಯಾಕೆ ಅಂದ್ರೆ ನಮ್ಮಪ್ಪ ಹೇಳಿದ್ರು ಅಂತಾರೆ. ಮೊದಲ್ನೇ ದಿನ ಬರೀ ಎಣ್ಣೆ. ಎರಡನೇ ದಿನ ಎಲೆ ಅಂಚಿನ ಸುತ್ತ ಗುಲಾಬಿ ನೆರಳು. ನಾಲ್ಕನೇ ದಿನಕ್ಕೆ ಬೀಟ್‌ರೂಟ್ ನೀರು. ಏಳನೇ ದಿನ ಭರಣಿನ ಬಿಸಿಲಿಗೆ ಹಿಡಿದ್ರೆ ನೇರಳೆ ಹಣ್ಣಿನ ಬಣ್ಣ, ಹಸಿರು ಎಲೆಯಿಂದ ಈ ಬಣ್ಣ ಎಲ್ಲಿಂದ ಬಂತಪ್ಪಾ ಅನ್ಸುತ್ತೆ. ಈ ಎಲೆಯಿಂದ ಹಿಂದೆ ಬಟ್ಟೆಗೆ ನೀಲಿ ಬಣ್ಣ ತೆಗೀತಿದ್ರು, ಆ ನೀಲಿಯ ಅಂಶ ಇದ್ರಲ್ಲಿದೆ. ನಮ್ಮನೆ ದಿಂಬಿನ ಕವರು, ಬನಿಯನ್ನು, ಸೋಫಾ ಎಲ್ಲಾ ನೇರಳೆ ಮಚ್ಚೆ, ಹೆಂಡ್ತಿ ಬೈದು ಬೈದು ಸುಸ್ತಾಗಿ ಈಗ ನಂಗೆ ಅಂತಲೇ ನೇರಳೆ ಬಣ್ಣದ ಬೆಡ್‌ಶೀಟ್ ತಂದಿದ್ದಾಳೆ.

ಮೊದಲ ಸಲ ಬರೀ ಮೂರನೇ ನಂಬರಿಗೆ ಹಚ್ಚಿ, ನಾಲ್ಕನೇ ನಂಬರಿಗೆ ಖಾಲಿ ಕೊಬ್ಬರಿ ಎಣ್ಣೆ ಹಚ್ಚಿ ಆರು ವಾರ ನೋಡಿದೆ, ಎಕ್ಕದ ಹಾಲಿನ ಪಾಠ. ಎರಡರಲ್ಲೂ ಹೊಟ್ಟು ಕಮ್ಮಿ ಆಯ್ತು. ಆಲೆ ಹಚ್ಚಿದ ಕಡೆ ದಪ್ಪ ಇನ್ನೂ ಸ್ವಲ್ಪ ಇಳೀತು, ಕೆರೆತ ಕಮ್ಮಿ ಆಯ್ತು. ಅಷ್ಟೆ ವ್ಯತ್ಯಾಸ. ಪವಾಡ ಅಂತ ನಾನು ಹೇಳಲ್ಲ, ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಎಣ್ಣೆಯ ಜಿಡ್ಡಿಂದು, ಕಾಲು ಎಲೇದು, ಇನ್ನು ಕಾಲು ದಿನಾ ತಪ್ಪದೆ ಹಚ್ಚೋದ್ರದ್ದು. ಹಂಡೆಯಿಂದ ಮೊಗೆದು ಸುಡು ಸುಡು ನೀರು ಹುಯ್ಕೊಳ್ಳೋ ಅಭ್ಯಾಸ ಬಿಟ್ಟಿದ್ದೂ ದೊಡ್ಡದು, ಈಗ ಉಗುರುಬೆಚ್ಚಗೆ, ಸೋಪಿನ ಬದಲು ಹೆಸರುಹಿಟ್ಟು, ತಿಕ್ಕೋ ಕಲ್ಲು ಹಿತ್ತಿಲಿಗೆ. ಟವಲಲ್ಲಿ ಒತ್ತಿ, ಮೈ ಇನ್ನೂ ಹಸಿ ಇರೋವಾಗಲೇ ಎಣ್ಣೆ. ತಲೆಗೆ ರಾತ್ರಿ ಎಣ್ಣೆ, ಬೆಳಗ್ಗೆ ಡಾಕ್ಟ್ರು ಕೊಟ್ಟ ಟಾರ್ ಶಾಂಪೂ. ಮೊಣಕೈ ತೀರಾ ಕೆರಳಿದ್ರೆ ಅವ್ರೇ ಬರೆದ ಆಯಿಂಟ್‌ಮೆಂಟ್, ಅವ್ರು ಹೇಳಿದಷ್ಟು ದಿನ. ಬೆಳಗ್ಗೆ ಬಿಸಿಲಿಗೆ ಐದು ನಿಮಿಷದಿಂದ ಶುರು ಮಾಡಿ ಈಗ ಹದಿನೈದು ನಿಮಿಷ ಬನಿಯನ್ ತೆಗೆದು ಟೆರೇಸಲ್ಲಿ, ಚರ್ಮ ಕೆಂಪಾಗೋ ಮುಂಚೆ ಒಳಗೆ.

ಹೋದ ವರ್ಷ ಬೆಳಗ್ಗೆ ಎದ್ದಾಗ ಬೆರಳು ಅರ್ಧ ಗಂಟೆ ಬಿಗಿಯಾಗಿ ಚಾಕ್‌ಪೀಸ್ ಹಿಡಿಯೋಕೆ ಆಗ್ತಿರ್ಲಿಲ್ಲ. ಸೋರಿಯಾಸಿಸ್ ಇರೋರಲ್ಲಿ ಒಂದಷ್ಟು ಜನಕ್ಕೆ ಕೀಲಿಗೂ ಬರುತ್ತೆ, ಅದಕ್ಕೆ ಎಲೆ ಎಣ್ಣೆ ಆಗಲ್ಲ, ತಡ ಮಾಡಿದ್ರೆ ಕೀಲು ಶಾಶ್ವತವಾಗಿ ಹಾಳಾಗುತ್ತೆ ಅಂತ ಓದಿದ್ದೆ. ಮಾರನೇ ದಿನವೇ ಮೈಸೂರು ಬಸ್ ಹತ್ತಿದೆ. ಎಕ್ಸ್‌ರೇ, ರಕ್ತ ಎಲ್ಲಾ ನೋಡಿ ಸದ್ಯಕ್ಕೆ ಏನಿಲ್ಲ, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿ ತಿದ್ದಿ ಹಂಗಾಗಿದೆ ಅಂದ್ರು. ಆದ್ರೂ ಆರು ತಿಂಗಳಿಗೊಮ್ಮೆ ತೋರಿಸ್ತೀನಿ.

ಈಗ ಕ್ಲಾಸಲ್ಲಿ ನಾಲ್ಕೇ ಜನ ಇದ್ದಾರೆ. ಮೂರು ಮತ್ತು ನಾಲ್ಕು ಜುಲೈಯಿಂದ ಆಬ್ಸೆಂಟು. ಒಂದನೇ ನಂಬರು ಮಾತ್ರ ಪುಸ್ತಕ ಶುರು ಮಾಡಿದಾಗಿಂದ ಒಂದಿನ ರಜಾ ಹಾಕಿದವನಲ್ಲ, ನೂರಕ್ಕೆ ನೂರು ಹಾಜರಿ ಬಹುಮಾನ ಕೊಡೋಣ ಅಪ್ಪಾ ಅಂತಾಳೆ ಮಗಳು. ಚಳಿಗಾಲದಲ್ಲಿ ಆಲೆ ಎಲೆ ಉದುರಿ ಮರ ಬೋಳಾಗುತ್ತೆ, ಅಷ್ಟ್ರೊಳಗೆ ಎರಡು ಭರಣಿ ಮಾಡಿಟ್ಕೋಬೇಕು, ಈ ಭಾನುವಾರ ಚೀಲ ತಗೊಂಡು ಚನ್ನಪಟ್ಟಣಕ್ಕೆ ಹೋಗ್ತಿದ್ದೀನಿ, ಅಕ್ಕ ಎಣ್ಣೆಗಾಯಿ ಮಾಡ್ತೀನಿ ಅಂದಿದ್ದಾಳೆ.